ಎಡಗಾಲು ಮತ್ತು ಅಪ್ಪನ ಸ್ಟೂಲು

ದೇವದುರ್ಗದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅಪ್ಪನ ಟೇಲರ್ ಅಂಗಡಿ ಇತ್ತು. ನನ್ನ ಮೊದಲ ಡ್ರಮ್ ಸೆಟ್ ಹುಟ್ಟಿದ್ದು ಅಲ್ಲಿಯೇ. ಡಾಲ್ಡಾ ಡಬ್ಬಿ, ಬಿಸ್ಕತ್ತಿನ ತಗಡಿನ ಡಬ್ಬಿ, ಸೂಟಿನ ಬಟ್ಟೆ ಸುತ್ತಿ ಬರುತ್ತಿದ್ದ ದಪ್ಪ ರಟ್ಟಿನ ಕೊಳವೆ, ತಾಳಕ್ಕೆ ಅವ್ವ ಬಿಸಾಕಿದ ಸೀಳುಬಿಟ್ಟ ಹಿತ್ತಾಳೆ ತಟ್ಟೆ. ಕಾಲಿನ ಕೆಲಸ ಕಲಿತದ್ದು ಮಾತ್ರ ಹೊಲಿಗೆ ಮೆಷೀನಿನ ಮೇಲೆ. ಮಧ್ಯಾಹ್ನ ಅಪ್ಪ ಊಟಕ್ಕೆ ಹೋದಾಗ ಬೆಲ್ಟ್ ಕಳಚಿ, ಅವನ ಸ್ಟೂಲಿನ ಮೇಲೆ ಕೂತು ಖಾಲಿ ಪೆಡಲು ತುಳಿಯುತ್ತಿದ್ದೆ. ಹಿಮ್ಮಡಿ, ತುದಿಗಾಲು, ಹಿಮ್ಮಡಿ, ತುದಿಗಾಲು. ಮುಂದೆ ನನ್ನ ಸಂಗೀತಕ್ಕೆಲ್ಲ ಆಧಾರವಾದದ್ದು ಆ ತುಳಿತವೇ.

ಡಿಪ್ಲೊಮಾ ಓದಲು ರಾಯಚೂರಿಗೆ ಹೋದಾಗ ಹಾಸ್ಟೆಲಿನ ಗೆಳೆಯನೊಬ್ಬ ಹೈದರಾಬಾದಿನಿಂದ ತಂದ ಕ್ಯಾಸೆಟ್ ಹಾಕಿದ. ಥ್ರ್ಯಾಶ್ ಮೆಟಲ್ ಎಂದ. ಗಿಟಾರುಗಳು ಗರಗಸದಂತೆ ಕೊಯ್ಯುತ್ತಿದ್ದವು, ಅವುಗಳ ಕೆಳಗೆ ಡ್ರಮ್ಮಿನವನ ಎರಡೂ ಕಾಲು ಕುದುರೆಯಂತೆ ಓಡುತ್ತಿದ್ದವು. ರಜೆಯಲ್ಲಿ ಅದನ್ನು ಅಪ್ಪನಿಗೂ ಕೇಳಿಸಿದೆ. ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಪೂರ್ತಿ ಕೇಳಿದ.

"ಲೇ, ಇವರಿಗೆ ಯಾರ್ ಏನ್ ಅಂದಾರ?" ಎಂದ. "ಇಷ್ಟ್ ಸಿಟ್ಟು ಯಾಕ?"

"ಸಿಟ್ಟಲ್ಲ ಯಪ್ಪಾ, ಹಾಡು."

"ಹಾಡಂದ್ರ ಹಾಡು. ಕಾಲ್ ಮಾತ್ರ ಚಲೋ ಆಡಸ್ತಾನ ಬಿಡು ಅವ."

ನಾವು ನಾಲ್ವರು ಬ್ಯಾಂಡ್ ಕಟ್ಟಿದೆವು. ರಾಯಚೂರಿನಲ್ಲಿ ಮದುವೆ ಬ್ಯಾಂಡಿನ ಚಾಚಾ ಒಬ್ಬರು ಡಿಜೆ ಶುರುಮಾಡಿ ಹಳೆಯ ಸಾಮಾನು ಮಾರುವವರಿದ್ದರು. ಅವರಿಂದ ಬಂದದ್ದು ನನ್ನ ಎರಡನೆಯ ಸೆಟ್. ದೊಡ್ಡ ಡ್ರಮ್ಮಿನ ಮುಖದ ಮೇಲೆ ಎರಡು ಗುಲಾಬಿ, ನಡುವೆ ಕೈ ಮುಗಿದ ವಧೂವರರು. ಬಹಳ ದಿನ ನಾವು ಸಾವು, ಯುದ್ಧ, ನರಕ ಎಂದು ಅರಚಿದ್ದೆಲ್ಲ ಆ ಗುಲಾಬಿಗಳ ಹಿಂದಿನಿಂದ. ಆ ಡ್ರಮ್ಮನ್ನು ಕಾಲಿನಿಂದ ಬಡಿಯುವ ಪೆಡಲಿನ ಚರ್ಮದ ಪಟ್ಟಿ ಹರಿದಾಗ ಅಪ್ಪ ಹೊಲಿಗೆ ಮೆಷೀನಿನ ಬೆಲ್ಟ್ ಕತ್ತರಿಸಿ, ತಂತಿಯ ಕೊಂಡಿ ಹಾಕಿ ಬಿಗಿದುಕೊಟ್ಟ. ಬೇಸಿಗೆ ಪೂರ್ತಿ ತಡೆಯಿತು. ಡ್ರಮ್ಮಿನ ಗುಂಯ್ ಎನ್ನುವ ಸದ್ದು ತಗ್ಗಿಸಲು ಒಳಗೆ ಅವ್ವ ಹೊಲಿದ ಕೌದಿ ತುರುಕಿದೆ. ಏಟು ಚುರುಕಾಗಿ ಕೇಳಲೆಂದು ಪೆಡಲು ಬಡಿಯುವ ಜಾಗಕ್ಕೆ ಹರಿದ ಚಪ್ಪಲಿಯ ಅಟ್ಟೆಯ ತುಂಡು ಅಂಟಿಸಿದೆ.

ಅದೇ ಸಮಯದಲ್ಲಿ ಅಪ್ಪ ತನ್ನ ಸ್ಟೂಲನ್ನೂ ಕೊಟ್ಟ. ಗಿಡ್ಡ ಕಾಲಿನ ಸಾಗವಾನಿ ಸ್ಟೂಲು, ಕೂತು ಕೂತು ನಡುವೆ ತಗ್ಗು ಬಿದ್ದದ್ದು. "ಇದನ್ನ ನೀನ ಒಯ್ಯಿ," ಎಂದ. "ನನಗ ಬ್ಯಾಡ." ಅಪ್ಪ ಮಾತಿನಲ್ಲಿ ಆಶೀರ್ವಾದ ಮಾಡುವವನಲ್ಲ, ಹೀಗೆ ಮಾಡಿದ್ದಾನೆ ಎಂದುಕೊಂಡೆ.

ಆಮೇಲೆ ಸಾಮಾನು ಬದಲಾಗುತ್ತ ಹೋಯಿತು. ಅಕ್ಕಿ ಗಿರಣಿಗಳ ಮೆಷೀನು ರಿಪೇರಿಯ ಕೆಲಸ ಸಿಕ್ಕಿತು, ಮದುವೆಯಾಯಿತು. ಬ್ಯಾಂಡಿನ ಗಿಟಾರಿನವನದು ಮಾನ್ವಿಯಲ್ಲಿ ಗಿರಣಿ ಇದ್ದುದರಿಂದ ನಮ್ಮ ಪ್ರಾಕ್ಟೀಸ್ ಅದರ ಗೋದಾಮಿಗೆ ಹೋಯಿತು. ಪಕ್ಕದಲ್ಲಿ ಗಿರಣಿ ಓಡುತ್ತಿದ್ದಾಗ ನಾವು ಎಷ್ಟು ಬಡಿದರೂ ಹೊರಗಿನವರಿಗೆ ಗೊತ್ತಾಗುತ್ತಿರಲಿಲ್ಲ. ಕರೆಂಟು ಹೋಗಿ ಗಿರಣಿ ನಿಂತಾಗ ನಾವೂ ಗಪ್ಪನೆ ನಿಲ್ಲಿಸಬೇಕು. ಒಮ್ಮೆ ನಿಲ್ಲಿಸುವುದು ತಡವಾಗಿ, ಲಾರಿಯಿಂದ ನೆಲ್ಲು ಇಳಿಸುತ್ತಿದ್ದವರು ಓಡಿಬಂದು ಗಿಟಾರಿನವನಿಗೆ, "ಶೇಠಜೀ, ಒಳಗ ಏನೋ ಬೆಲ್ಟ್ ಕಡದೈತ್ರೀ," ಎಂದರು.

ಬೆಲ್ಟಿನ ಪೆಡಲು ಹೋಗಿ ಚೈನಿನ ಪೆಡಲು ಬಂತು. ಆಮೇಲೆ ಎರಡೂ ಕಾಲಿಗೆ ಒಂದೊಂದು ತುಳಿಯುವ ಜೋಡಿ ಪೆಡಲು. ಎಡಗಾಲಿಗೆ ನಿಜವಾದ ಕೆಲಸ ಶುರುವಾದದ್ದು ಆಗ. ಗುಲಾಬಿಯ ಡ್ರಮ್ ಹೋಗಿ ಕಪ್ಪನೆಯದು ಬಂತು. ಹೈದರಾಬಾದು, ಬೆಂಗಳೂರು, ಪುಣೆ ಎಂದು ಸುತ್ತುವಾಗ ಹಿತ್ತಾಳೆಯ ತಾಳಗಳು ಹೆಚ್ಚಾದವು. ಬೆನ್ನು ಹೊರಲಾರೆ ಎಂದಾಗ ಕಡಿಮೆಯೂ ಆದವು. ರಾಯಚೂರಿನ ಬಾಡಿಗೆ ಮನೆಗೆ ಜಾಲರಿ ಹೊದಿಸಿದ ಎಲೆಕ್ಟ್ರಾನಿಕ್ ಪ್ಯಾಡುಗಳನ್ನು ತಂದೆ. ಸದ್ದೆಲ್ಲ ಹೆಡ್‌ಫೋನಿನೊಳಗೆ, ಹೊರಗೆ ಬರೀ ಟಪ ಟಪ. ಕೆಳಗಿನ ಮನೆಯ ಅಜ್ಜಿ ಒಂದು ಸಂಜೆ ನನ್ನ ಹೆಂಡತಿಯನ್ನು ಕೇಳಿದಳು, "ಯವ್ವಾ, ನಿಮ್ಮ ಮನಿಗೆ ಎಷ್ಟ್ ಮಂದಿ ಬೀಗರು ಬಂದಾರ? ಎರಡು ತಾಸಿಂದ ರೊಟ್ಟಿ ಬಡಿಯಾಕತ್ತೀರಿ."

ಇಷ್ಟೆಲ್ಲ ಬದಲಾದರೂ ಸ್ಟೂಲು ಮಾತ್ರ ಅದೇ. ಗೆಳೆಯರು ಹೊಸದು ತಗೋ ಎಂದರೆ ನಗುತ್ತಿದ್ದೆ. ಬೇರೆ ಊರಿಗೆ ಹೋಗುವಾಗ ಡ್ರಮ್ಮುಗಳನ್ನು ಅಲ್ಲಿಯವರೇ ಕೊಡುತ್ತಿದ್ದರು. ಸ್ಟೂಲನ್ನು ನಾನೇ ಗೋಣಿಚೀಲದಲ್ಲಿ ಸುತ್ತಿಕೊಂಡು ರೈಲು ಹತ್ತುತ್ತಿದ್ದೆ.

ಹೋದ ವರ್ಷ ಬೇಸಿಗೆಗೆ ಮೊದಲು ಎಡಗಾಲು ಜುಮ್ ಎನ್ನಲು ಶುರುವಾಯಿತು. ಮೊದಲು ಕಿರುಬೆರಳು, ಆಮೇಲೆ ಪಾದದ ಹೊರಬದಿ. ಬಲಗಾಲು ತನ್ನ ಪಾಡಿಗೆ ಓಡುತ್ತಿತ್ತು, ಎಡಗಾಲು ಕೂದಲೆಳೆಯಷ್ಟು ಹಿಂದೆ. ಕೇಳುವವರಿಗೆ ಅದು ತಿಳಿಯುವುದಿಲ್ಲ. ಬಾರಿಸುವವನಿಗೆ ಬೇರೇನೂ ಕೇಳುವುದಿಲ್ಲ. ಥ್ರ್ಯಾಶಿನಲ್ಲಿ ಎಡಗಾಲು ಹೋದರೆ ಅರ್ಧ ಡ್ರಮ್ಮರ್ ಉಳಿಯುವುದಿಲ್ಲ, ಪೂರಾ ಹೋಗುತ್ತಾನೆ. ಯಾರಿಗೂ ಹೇಳದೆ ಪೆಡಲಿನ ಸ್ಪ್ರಿಂಗು ಸಡಿಲಿಸಿದೆ, ಬಿಗಿದೆ, ಎಣ್ಣೆ ಬಿಟ್ಟೆ, ಬೂಟು ಬದಲಿಸಿದೆ. ತಪ್ಪೆಲ್ಲ ಪೆಡಲಿನದೇ ಇರಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ.

ಕಂಡುಹಿಡಿದವಳು ಹೆಂಡತಿ. ಸಂತೆಯಿಂದ ಬರುವಾಗ, "ನಿಂದರ್ರಿ," ಎಂದಳು. "ನಿಮ್ಮ ಒಂದು ಚಪ್ಪಲಿ ಎಲ್ಲಿ?"

ಎಡಗಾಲಿನ ಚಪ್ಪಲಿ ಕಾಯಿಪಲ್ಯೆ ಸಾಲಿನಲ್ಲೆಲ್ಲೋ ಕಳಚಿಕೊಂಡಿತ್ತು. ನನಗೆ ಗೊತ್ತೇ ಆಗಿರಲಿಲ್ಲ. ಅಲ್ಲಿಯೇ ನಿಂತು ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. ತಿರುಗಿ ಹೋಗಿ, ಬದನೆಕಾಯಿ ಮಾರುವವಳ ಹತ್ತಿರ ಚಪ್ಪಲಿ ಹುಡುಕಿ ತಂದು, "ನಾಳಿಗೆ ದವಾಖಾನಿಗೆ ಹೋಗೂನು," ಎಂದಳು.

ಸೊಂಟದಲ್ಲಿ ನರ ಒತ್ತುತ್ತಿದೆ, ಆಪರೇಷನ್ನಿನ ಮಾತು ಈಗ ಬೇಡ, ಕೆಲವು ವಾರ ಡ್ರಮ್ ಮುಟ್ಟದೆ ವ್ಯಾಯಾಮ ಮಾಡಿ, ಆಮೇಲೆ ನೋಡೋಣ ಎಂದರು ಡಾಕ್ಟರು. ಆ "ಆಮೇಲೆ ನೋಡೋಣ" ನನ್ನ ಊಟ ಕಸಿಯಿತು. ವ್ಯಾಯಾಮ ಹೇಳಿಕೊಡುವ ಫಿಸಿಯೋಥೆರಪಿಯ ಮೇಡಂ ನಾನು ಡ್ರಮ್ ಬಾರಿಸುವುದನ್ನು ಕೇಳಿಕೊಂಡು, "ಹೆಂಗ ಕುಂತು ಬಾರಸ್ತೀರಿ, ತೋರಸ್ರಿ," ಎಂದರು. ಮಂಚ ಹತ್ತಲು ಇಟ್ಟಿದ್ದ ಕಾಲುಮಣೆಯೇ ನಮ್ಮ ಸ್ಟೂಲಿನ ಎತ್ತರಕ್ಕೆ ಹತ್ತಿರವಿತ್ತು. ಅದರ ಮೇಲೆ ಕೂತು ಗಾಳಿಯಲ್ಲಿ ಎರಡೂ ಕಾಲು ಓಡಿಸಿದೆ.

ಅವರು ಪಕ್ಕದಿಂದ ಬಗ್ಗಿ ನೋಡಿದರು. "ಮೊಣಕಾಲು ಎದೀಗೆ ಬರಾಕತ್ಯಾವಲ್ರೀ," ಎಂದರು. "ಎಷ್ಟ್ ವರ್ಷಾತು ಹಿಂಗ?"

"ಇಪ್ಪತ್ತರ ಮ್ಯಾಲ."

"ಹಂಗಾರ ನಿಮ್ಮ ಸೊಂಟ ಭಾಳ ಸಮಾಧಾನದ್ದು ಬಿಡ್ರಿ. ಇಷ್ಟ್ ದಿನ ಸುಮ್ಮನಿತ್ತಲ್ಲ. ಮೊದಲ ಕುರ್ಚಿ ಬದಲಿ ಮಾಡ್ರಿ. ತೊಡಿ ಕೆಳಗ ಇಳೀಬೇಕು, ಮ್ಯಾಲ ಏರಬಾರದು."

ಎತ್ತರ ಏರಿಸಿ ಇಳಿಸಬಹುದಾದ, ತಿರುಪಿನ ದುಂಡು ಸೀಟು ತರಿಸಿದೆ. ಗಾಡಿಯ ಸೀಟಿನಂತೆ ಮೆತ್ತಗಿತ್ತು. ಡ್ರಮ್ ಮುಟ್ಟದ ಆ ವಾರಗಳಲ್ಲಿ ಬೆಳಿಗ್ಗೆ ಚಾಪೆಯ ಮೇಲೆ ವ್ಯಾಯಾಮ, ಸಂಜೆ ಹೆಂಡತಿಯ ಜತೆ ಕೆರೆಯ ಕಡೆ ನಡಿಗೆ. ದಿನಾ ಮಲಗುವ ಮೊದಲು ಕಿರುಬೆರಳನ್ನು ಚಿವುಟಿ ನೋಡಿಕೊಳ್ಳುತ್ತಿದ್ದೆ. ಒಂದು ದಿನ ನೋವಾಯಿತು. ಅಷ್ಟು ಸುಖದ ನೋವನ್ನು ನಾನು ಕಂಡಿರಲಿಲ್ಲ. ಇನ್ನೊಂದು ಸಲ ಚಿವುಟಿದೆ.

ಡಾಕ್ಟರು ಹೂಂ ಎಂದ ಮೇಲೆ ಮಾನ್ವಿಗೆ ಹೋದೆ. ಹೊಸ ಸೀಟಿನ ಮೇಲೆ ಕೂತಾಗ ಮಾಳಿಗೆ ಹತ್ತಿದಂತಾಗಿ, ಡ್ರಮ್ಮುಗಳೆಲ್ಲ ಕೆಳಗೆಲ್ಲೋ ಇದ್ದವು. ತಾಳದ ಕಂಬಗಳನ್ನು ಎತ್ತರಿಸಿ, ಪೆಡಲನ್ನು ಮುಂದೆ ಸರಿಸಿ, ಮೊದಲು ನಿಧಾನವಾಗಿ ತುಳಿದೆ. ಗಿಟಾರಿನವನು ತಂತಿ ಮೀಟದೆ ನನ್ನ ಕಾಲನ್ನೇ ನೋಡುತ್ತಿದ್ದ. ವೇಗ ಏರಿಸಿದೆ. ಎಡಗಾಲು ಬಂತು. ಇನ್ನೂ ಏರಿಸಿದೆ. ಬಲಗಾಲಿನ ಪಕ್ಕದಲ್ಲಿಯೇ, ಒಂದಿಷ್ಟೂ ಹಿಂದುಳಿಯದೆ ಬಂತು.

"ಬಂತಲ್ಲೋ," ಎಂದ ಅವನು. "ನಾ ಬ್ಯಾರೆ ಡ್ರಮ್ಮರ್ ನೋಡಿಟ್ಟಿದ್ದೆ. ಈಗ ಅವನಿಗೆ ಏನ್ ಹೇಳ್ಲಿ?"

"ಚಾ ಕುಡಿಸಿ ಕಳಸು."

ಮುಂದಿನ ಭಾನುವಾರ ಸ್ಟೂಲನ್ನು ತೆಗೆದುಕೊಂಡು ದೇವದುರ್ಗಕ್ಕೆ ಹೋದೆ. ಅಪ್ಪ ಅಂಗಡಿಯನ್ನು ನನ್ನ ತಮ್ಮನಿಗೆ ಬಿಟ್ಟಿದ್ದರೂ ಗುಂಡಿ ಹಚ್ಚಲು ದಿನಾ ಬಂದು ಕೂರುತ್ತಾನೆ. ದಾರಿಯುದ್ದಕ್ಕೂ ಹೇಗೆ ಹೇಳುವುದೆಂದು ಯೋಚಿಸಿದ್ದೆ. ನೀನು ಕೊಟ್ಟ ಸ್ಟೂಲೇ ನನ್ನ ಕಾಲು ತಿನ್ನುತ್ತಿತ್ತು ಎಂದು ಹೇಗೆ ಹೇಳಲಿ? ಕೊನೆಗೆ ಎಲ್ಲ ಹೇಳಿ, ಸ್ಟೂಲನ್ನು ಅವನ ಮುಂದಿಟ್ಟೆ.

ಅಪ್ಪ ಅದನ್ನು ನೋಡಿ ಸರಿದು ಕೂತ.

"ಇದರ ಮ್ಯಾಲ ಇನ್ನೂ ಕೂಡತಿದ್ದೇನು ನೀ?"

"ನೀನ ಕೊಟ್ಟಿದ್ದಲ್ಲ ಯಪ್ಪಾ."

"ನಾ ಯಾಕ್ ಕೊಟ್ಟೆ? ಇದರ ಮ್ಯಾಲ ಕುಂತ್ರ ನನ್ನ ಕಾಲೂ ಜುಮು ಜುಮು ಅಂತಿತ್ತು. ಹೊಸಾದು ಮಾಡಿಸ್ಕೊಂಡೆ. ಹುಡುಗಾಟಕ್ಕ ನಾಕು ದಿನ ಬಾರಸಿ ಬಿಡ್ತೀ, ಅಷ್ಟಕ್ಕ ನಡೀತದ ಅಂತ ಇದನ್ನ ನಿನಗ ಕೊಟ್ಟೆ."

ಮೆಷೀನಿನ ಹಿಂದಿನಿಂದ ತಮ್ಮ ನಕ್ಕ. ನಾನೂ ನಕ್ಕೆ. ಅಪ್ಪ ನಗಲಿಲ್ಲ. ಬಾಯಲ್ಲಿದ್ದ ಸೂಜಿಯನ್ನು ತೆಗೆದು ಅಂಗಿಯ ತೋಳಿಗೆ ಚುಚ್ಚಿಕೊಂಡು, "ಕಾಲು ಮ್ಯಾಲ ಇಡು," ಎಂದ. ಎಡಗಾಲನ್ನು ಆ ಸ್ಟೂಲಿನ ಮೇಲೆಯೇ ಇಟ್ಟೆ. ಕಿರುಬೆರಳನ್ನು ಹಿಡಿದು ಗಟ್ಟಿಯಾಗಿ ಚಿವುಟಿದ.

"ಗೊತ್ತಾತೇನು?"

"ಗೊತ್ತಾತು, ಬಿಡು ಯಪ್ಪಾ."

ಅವನು ಬಿಟ್ಟ. ಸ್ವಲ್ಪ ಹೊತ್ತು ಪಾದದ ಮೇಲೆ ಕೈ ಇಟ್ಟುಕೊಂಡೇ ಇದ್ದು, ಮತ್ತೆ ಗುಂಡಿ ಹಚ್ಚಲು ಕೂತ. ಸ್ಟೂಲು ಈಗ ಅವ್ವನ ಅಡುಗೆಮನೆಯಲ್ಲಿದೆ. ನಡುವಿನ ತಗ್ಗಿನಲ್ಲಿ ನೀರಿನ ಕೊಡ ಅಲುಗದೆ ಕೂರುತ್ತದೆ.