ಅಭಿಮಾನಿಗಳ ಅಣ್ಣ

ಅಣ್ಣನ ಬಲ ಮುಂಗೈ ಮೇಲೆ ಅವನ ಮೆಚ್ಚಿನ ನಟನ ಹೆಸರಿನ ದೊಡ್ಡ ಹಚ್ಚೆಯಿತ್ತು. ಹಾಕಿಸಿಕೊಂಡ ವಾರ ಕೈ ಬದನೆಕಾಯಿಯಂತೆ ಊದಿಕೊಂಡಿತ್ತು. ಅವ್ವ ಬೈಯುತ್ತಾ ಅರಿಶಿನ ಹಚ್ಚುತ್ತಿದ್ದರೆ ಅವನು ನಗುತ್ತಿದ್ದ. ನನ್ನ ಹೆಸರು ಎಲ್ಲಿ ಎಂದು ಕೇಳಿದೆ.

"ನೀನ್ ಮನೇಲೇ ಇದ್ದೀಯಲ್ಲ, ಬರೆಸ್ಕಳದ್ಯಾಕೆ?" ಅಂದ.

ಆ ನಟನ ಮೇಲೆ ನನಗೆ ಹೊಟ್ಟೆಕಿಚ್ಚು ಶುರುವಾದದ್ದು ಅವತ್ತೇ.

ಬಿಡದಿಯ ಕಡೆ ಕಾರ್ಖಾನೆಗಳು ಒಂದರ ಪಕ್ಕ ಒಂದು ಏಳುತ್ತಿದ್ದ ಕಾಲ. ಅಪ್ಪ ಇರಲಿಲ್ಲ. ಅಣ್ಣ ಚನ್ನಪಟ್ಟಣದಿಂದ ಕಂಪನಿ ಬಸ್ಸಿನಲ್ಲಿ ಶಿಫ್ಟಿಗೆ ಹೋಗುತ್ತಿದ್ದ; ಉಳಿದ ಹೊತ್ತೆಲ್ಲ ಅಭಿಮಾನಿ ಸಂಘದ ಅಧ್ಯಕ್ಷ. ಮನೆಯಲ್ಲಿ ನಾಲ್ಕು ಮಾತಾಡದವನು ಥಿಯೇಟರಿನ ಮುಂದೆ ಕಟೌಟಿಗೆ ಹಾರ ಏರಿಸುವಾಗ ಗಂಟಲು ಹರಿಯುವಂತೆ ಕೂಗುತ್ತಿದ್ದ.

ಅಕ್ಕೂರಿನಿಂದ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದದ್ದು ಹೊಸ ಚಿತ್ರ ಬಿಡುಗಡೆಯಾದ ದಿನ. "ಒಸಿ ಹೊತ್ತು, ಬಂದ್ಬುಡ್ತೀನಿ ಕಣವ್ವ" ಎಂದು ಹೋದವನು, ಕಾದು ಕಾದು ಅವರು ಎದ್ದು ಹೋದ ಮೇಲೆ ಬಂದ. ಅಂಗಿಯೆಲ್ಲ ಅಭಿಷೇಕದ ಹಾಲು. ಅಕ್ಕೂರಿನಿಂದ ಮತ್ತೆ ಸುದ್ದಿಯೇ ಇಲ್ಲ.

ಅದೇ ತಿಂಗಳು ಬೆಂಗಳೂರಿನಿಂದ ಒಬ್ಬ ವಿದ್ಯಾರ್ಥಿನಿ ಬಂದಳು. ಅಭಿಮಾನಿಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದಳಂತೆ. ಅಪ್ಪ ಸತ್ತ ವರ್ಷ ಒಂದೇ ಸಿನಿಮಾವನ್ನು ಮತ್ತೆ ಮತ್ತೆ ನೋಡಿ, ಯಾರಿಗೂ ಕಾಣದಂತೆ ಕತ್ತಲಲ್ಲಿ ಅತ್ತದ್ದನ್ನು ಅಣ್ಣ ಅವಳಿಗೆ ಹೇಳಿದ. ನನಗೆ ಎಂದೂ ಹೇಳದ ಮಾತು! ಕಾಫಿ ಲೋಟವನ್ನು ಅವಳ ಮುಂದೆ ಕುಕ್ಕಿದೆ.

"ಇನ್ನು ಯಾರನ್ನು ಮಾತಾಡಿಸಲಿ ಸರ್?" ಎಂದಳು ಹುಡುಗಿ.

"ಅಭಿಮಾನಿಗೋಳ್ನೇ ಕೇಳ್ತಾ ಕೂರ್ಬೇಡಿ ಮೇಡಂ. ನಾವು ಬರೀ ಜೈಕಾರ ಹಾಕ್ತೀವಿ. ನಮ್ ಮನೇರ್ನ ಕೇಳಿ. ಅಗೋ, ನನ್ ತಂಗಿ ಅವ್ಳೆ."

ಬಾಯಿ ತೆರೆದೆ, ಆಮೇಲೆ ನಿಲ್ಲಿಸಲಾಗಲಿಲ್ಲ. "ಹೆಣ್ ನೋಡಕ್ ಬಂದೋರು ಒಳಗೆ ಕುಂತಿದ್ರೆ ಇವ್ನು ಅಲ್ಲಿ ಹಲಗೆ ಬೊಂಬೆಗೆ ಹಾಲು ಉಯ್ತಿದ್ದ. ನಂಗಿಂತ ಅದೇ ಹೆಚ್ಚು ಇವ್ನಿಗೆ!"

ಹುಡುಗಿಯ ಪೆನ್ನು ನಿಂತಿತು. ಅಣ್ಣ ತಲೆ ತಗ್ಗಿಸಿದ್ದ.

"ಬರ್ಕೊಳಿ ಮೇಡಂ," ಅಂದ. "ಒಂದಕ್ಸರಾನೂ ಬುಡ್ಬೇಡಿ."

ಮರುವಾರ ರಜೆ ಹಾಕಿ ಒಬ್ಬನೇ ಅಕ್ಕೂರಿಗೆ ಹೋದ. ಅಲ್ಲಿ ಯಾರ ಕಾಲು ಹಿಡಿದನೋ, ಕೊನೆಯವರೆಗೂ ಹೇಳಲಿಲ್ಲ. ಆ ಮನೆಗೇ ನಾನು ಸೊಸೆಯಾದೆ. ನನ್ನ ಮದುವೆಯ ಬ್ಯಾನರಿನಲ್ಲೂ ಆ ನಟನ ಮುಖ ನನ್ನ ಗಂಡನ ಮುಖಕ್ಕಿಂತ ದೊಡ್ಡದಿತ್ತು, ಅದು ಬೇರೆ ಮಾತು.

ಕೆಲವು ವರ್ಷಗಳ ಮೇಲೆ ಕಾಮಾಲೆಯಿಂದ ಅಣ್ಣ ತೀರಿಹೋದಾಗ ಮಾಗಡಿ, ಕನಕಪುರದಿಂದೆಲ್ಲ ಸಂಘದವರು ಬಂದರು. ಗಡ್ಡ ಬಿಟ್ಟ ಗಂಡಸರು "ಅಣ್ಣಾ, ಅಣ್ಣಾ" ಎಂದು ಎದೆ ಬಡಿದುಕೊಂಡು ಅತ್ತರು. ನಾನು ಕರೆಯುವ ಹೆಸರು ಕಣ್ರೋ ಅದು ಎಂದು ಕೂಗಬೇಕೆನಿಸಿತು. ಹಾರ ಹಾಕಲು ಎಲ್ಲರಿಗೂ ದಾರಿ ಬಿಟ್ಟೆ. ಅವನ ತಲೆಯ ಬಳಿ ನಾನು ಕೂತ ಜಾಗವನ್ನು ಮಾತ್ರ ಯಾರಿಗೂ ಬಿಡಲಿಲ್ಲ.