ಒತ್ತಕ್ಷರದವರೆಗೆ

ಕಡಲ ದಂಡೆಯ ಆ ಪ್ರವಾಸಿ ಊರಿನಲ್ಲಿ ಅವನನ್ನು ಎಲ್ಲರೂ ಗಂಟೆ ಎಂದೇ ಕರೆಯುತ್ತಿದ್ದರು. ಗುಡ್ಡದ ಮೇಲಿನ ಹಾಳು ಪಟ್ಟಣವನ್ನು ಜನರಿಗೆ ತೋರಿಸುವ ಗೈಡು. ಮುರಿದ ಕಂಬಗಳ ನಡುವೆ ನಿಂತು ಅವನು ಬಾಯಿಬಿಟ್ಟರೆ ಕೆಳಗೆ ಮರಳಿನ ಮೇಲೆ ಮೈಚಾಚಿದವರೂ ತಿರುಗಿ ನೋಡುತ್ತಿದ್ದರು. ಆ ಕಥೆಗಳನ್ನು ಕೇಳದೆ ಉಳಿದವಳು ಹೆಂಡತಿಯೊಬ್ಬಳೇ. ಹೋಟೆಲೊಂದರ ನೆಲಮಾಳಿಗೆಯಲ್ಲಿ ಚಾದರ, ದಿಂಬಿನ ಚೀಲಗಳಿಗೆ ಇಸ್ತ್ರಿ ಹಾಕುವುದು ಅವಳ ಕೆಲಸ. ಜನ ಬರುವ ತಿಂಗಳುಗಳಲ್ಲಿ ತಲೆಯೆತ್ತಲು ಪುರಸೊತ್ತಿಲ್ಲ. ಬಾರದ ತಿಂಗಳುಗಳಲ್ಲಿ ಕಲ್ಲು ನೋಡಲು ಗುಡ್ಡ ಹತ್ತುವ ಮನಸ್ಸಿಲ್ಲ. ಹೀಗೇ ಇಪ್ಪತ್ತೆಂಟು ವರ್ಷ ಸರಿದುಹೋಯಿತು.

ಆಮೇಲೊಮ್ಮೆ ಅವನ ಗಂಟಲು ಕಟ್ಟಿತು. ಮಾತ್ರೆ, ಕಷಾಯ ಯಾವುದಕ್ಕೂ ಜಗ್ಗಲಿಲ್ಲ. ಹುಣ್ಣು ಕೆಟ್ಟದ್ದು, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು. ಆಪರೇಷನ್ನಿಗೆ ಇನ್ನೈದು ದಿನ ಇರುವಾಗ ಅವನು, "ಕಂಡಕಂಡವರಿಗೆಲ್ಲ ಹೇಳಿದೀನಿ, ನಿನಗೊಬ್ಬಳಿಗೇ ಹೇಳಿಲ್ಲ. ನಾಳೆ ರಜೆ ಹಾಕು" ಎಂದ.

ಏದುಸಿರು ಬಿಡುತ್ತ ಅವಳು ಗುಡ್ಡ ಹತ್ತಿದಳು. ಎದುರಿಗೆ ನಲವತ್ತು ಜನ ಇದ್ದಾರೇನೋ ಎಂಬಂತೆ ಅವನು ಕೈಬೀಸಿ, ಒಡಕು ದನಿಯಲ್ಲಿ ಕೆಳಗಿನ ಹಳೇ ಬಂದರು, ಕಣಜ, ಸ್ನಾನದ ಕೊಳ ಎಲ್ಲ ತೋರಿಸಿದ. ಕೊಳದಲ್ಲಿ ಅತ್ತ ರಾಣಿಯ ಕಥೆಗೆ ಬಂದಾಗ ನಿಲ್ಲಿಸಿ, "ಇದು ಮಾತ್ರ ನಾನೇ ಕಟ್ಟಿದ್ದು" ಎಂದ.

"ಗೊತ್ತಾಯ್ತು ಬಿಡಿ. ಸುಳ್ಳು ಹೇಳುವಾಗ ನೀವು ಮೂಗು ಮುಟ್ಕೊಳ್ತೀರಿ."

ಕೆಮ್ಮು ಬರುವವರೆಗೂ ಅವನು ನಕ್ಕ. ಇನ್ನೊಂದು ಸಲ ಹೇಳಿ ಎನ್ನಬೇಕೆಂದು ಅವಳಿಗೆ ಆಸೆಯಾಯಿತು. ಗಂಟಲು ನೋಯುತ್ತದೆಂದು ಸುಮ್ಮನಾದಳು.

ಜೀವ ಉಳಿಯಿತು, ದನಿ ಹೋಯಿತು. ಬೇಕಾದ್ದನ್ನೆಲ್ಲ ಅವನು ನೋಟುಬುಕ್ಕಿನಲ್ಲಿ ಬರೆಯತೊಡಗಿದ. ಅವಳಿಗೋ ಅಕ್ಷರ ಬಾರದು. ಅಷ್ಟು ವರ್ಷ ಅದೊಂದು ಕೊರತೆ ಅನ್ನಿಸಿರಲಿಲ್ಲ, ಓದಿ ಹೇಳಲು ಅವನಿದ್ದ. ಈಗ ಬೆಳಿಗ್ಗೆ ಅವನು ಬರೆದ ಮಾತು ಅವಳಿಗೆ ತಿಳಿಯಲು ಸಂಜೆ ನಾದಿನಿ ಬರಬೇಕು. ಒಮ್ಮೆ ಸಿಟ್ಟಿನಿಂದ ಅವನು ಪೆನ್ಸಿಲನ್ನೇ ಮುರಿದ. ಮರುದಿನದಿಂದ ಅವಳು ನಾದಿನಿಯ ಹತ್ತಿರ ಅಕ್ಷರ ತಿದ್ದಲು ಕೂತಳು. ಐವತ್ತರ ಕೈಗೆ ಇಸ್ತ್ರಿಪೆಟ್ಟಿಗೆ ಒಗ್ಗಿದಷ್ಟು ಸುಲಭಕ್ಕೆ ಬಳಪ ಒಗ್ಗಲಿಲ್ಲ. ಕಾಗುಣಿತ ಮುಗಿಸಲು ವರ್ಷ ಹಿಡಿಯಿತು. ಒತ್ತಕ್ಷರಕ್ಕೆ ಬರುವಷ್ಟರಲ್ಲಿ ಹುಣ್ಣು ಮರುಕಳಿಸಿ ಅವನು ತೀರಿಕೊಂಡ.

ಪಾಠವನ್ನು ಅವಳು ಬಿಡಲಿಲ್ಲ. ಮುಂದಿನ ವರ್ಷ ನೋಟುಬುಕ್ಕುಗಳನ್ನು ತೆರೆದು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ನೀರು ಕೊಡು. ಬೆನ್ನು ನೋಯ್ತಿದೆ. ನೀನು ಊಟ ಮಾಡಿದೆಯಾ. ಕೊನೆಯ ವಾರದ ಹಾಳೆ ಬಂತು. ಅವನು ಅದನ್ನು ಬರೆದಾಗ ನಾದಿನಿ ಜ್ವರದಿಂದ ಮಲಗಿದ್ದಳು, ಓದಿ ಹೇಳುವವರು ಯಾರೂ ಇರಲಿಲ್ಲ. ಆಗ ಅವಳಿಗೆ ಗುರುತೇ ಹತ್ತದಿದ್ದ ಸೊಟ್ಟ ಅಕ್ಷರಗಳಲ್ಲಿ ಅವನು ಬರೆದಿದ್ದ: "ಕಿಟಕಿ ತೆಗಿ. ಅಲೆ ಸದ್ದು ಕೇಳಬೇಕು."

ಆ ದಿನ ಅವಳಿಗೆ ಚೆನ್ನಾಗಿ ನೆನಪಿತ್ತು. ಚಳಿಯೆನ್ನುತ್ತಿದ್ದಾನೆಂದು ತಿಳಿದು, ತೆರೆದಿದ್ದ ಒಂದು ಕಿಟಕಿಯನ್ನೂ ಮುಚ್ಚಿ ಕಂಬಳಿ ಹೊದಿಸಿದ್ದಳು. ಅವನು ಅವಳ ಕೈ ಹಿಡಿದುಕೊಂಡಿದ್ದ.

ಈ ಮಾತನ್ನು ಅವಳು ನಾದಿನಿಗೂ ಹೇಳಲಿಲ್ಲ.