ವಿಭೂತಿ ಹಚ್ಚಿದ ರೂಟರು

ಅಜ್ಜಂಪುರದ ನಮ್ಮ ಮನೆಯಲ್ಲಿ, ನಡುಮನೆಯ ಗೋಡೆಗೂಡಿನಲ್ಲಿ ಇಂಟರ್ನೆಟ್ಟಿನ ರೂಟರು ಕೂತು ಹತ್ತು ವರ್ಷವಾಗಿತ್ತು. ದಿನಾ ಒಣಬಟ್ಟೆಯಲ್ಲಿ ಒರೆಸುತ್ತಿದ್ದೆ. ಆಯುಧಪೂಜೆಗೆ ಮಿಕ್ಸಿ, ಹೊಲಿಗೆ ಮಿಷನ್ನಿನ ಜೊತೆ ಅದಕ್ಕೂ ವಿಭೂತಿ ಹಚ್ಚಿ ಒಂದು ಚೆಂಡುಹೂವು ಇಡುತ್ತಿದ್ದೆ. ಅದಕ್ಕೆ ಬೇಕಾದ ಆರೈಕೆ ಅಷ್ಟೇ ಅಂದುಕೊಂಡಿದ್ದೆ.

ಅತ್ತೆ ಸೊಂಟ ಮುರಿದು ಮಂಚ ಹಿಡಿದ ಮೇಲೆ ಅವರ ಕೋಣೆಗೆ ಒಂದು ಕ್ಯಾಮೆರಾ ಹಾಕಿಸಿದೆವು. ನಾನು ಹಿತ್ತಲಲ್ಲಿದ್ದಾಗ ಅವರು ಏಳಲು ಹೋಗಿ ಬೀಳಬಾರದಲ್ಲ. ತರೀಕೆರೆಯ ಕೊಬ್ಬರಿ ಮಂಡಿಯಲ್ಲಿ ಕೂರುವ ನಮ್ಮ ಯಜಮಾನರೂ ಫೋನಿನಿಂದಲೇ ಅದನ್ನು ಅತ್ತಿತ್ತ ತಿರುಗಿಸಿ ನೋಡಬಹುದಿತ್ತು. ಬೆಳಗ್ಗೆ ಅತ್ತೆಯ ಮೈ ಒರೆಸುವಾಗ, ಆಮೇಲೆ ಅವರು ಅಂಗೈಯಲ್ಲಿ ಲಿಂಗವಿಟ್ಟು ಪೂಜಿಸುವಾಗ, ನಾನೇ ಅದರ ಮುಖವನ್ನು ಬಾಗಿಲ ಕಡೆ ತಿರುಗಿಸಿಡುತ್ತಿದ್ದೆ. ಲಿಂಗದ ಮೇಲೆ ಪರರ ಕಣ್ಣು ಬೀಳಬಾರದೆಂದು ಸೆರಗು ಮರೆಮಾಡಿಕೊಂಡೇ ಪೂಜೆ ಮಾಡುವವರು ಅವರು.

ಒಂದು ಬೆಳಗ್ಗೆ ಬಿಸಿನೀರು ಹಿಡಿದು ಬಂದರೆ, ಅತ್ತೆ ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡಿದ್ದರು.

"ಲೇ, ಅದು ನನ್ನ ನೋಡ್ತೈತೆ ಕಣೇ."

"ಬಾಗಿಲ ಕಡೆ ಐತಲ್ಲ ಅತ್ತೆ."

"ನೀನು ಬರೋ ಸದ್ದಿಗೆ ತಿರುಗ್ತು. ಅದರ ಮೇಲೊಂದು ಹಳೇ ಸೀರೆನಾದ್ರೂ ಎಸಿ."

"ನೀವು ಬಿದ್ರೆ ಯಾರು ನೋಡೋರು? ಸುಮ್ನಿರಿ."

ವಯಸ್ಸಿನ ಭ್ರಮೆ ಎಂದುಕೊಂಡೆ. ಆದರೂ ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಗ್ಯಾಸ್ ಬಂದ ದಿನ, ಮಾತ್ರೆ ಬದಲಾದ ದಿನ ಗುರುತು ಹಾಕುವ ಕಡೆ, ಅತ್ತೆ ಹೀಗಂದ ದಿನಕ್ಕೂ ಒಂದು ಚುಕ್ಕೆ ಇಟ್ಟೆ. ಚುಕ್ಕೆಗಳು ಹೆಚ್ಚಿದವು. ಅತ್ತೆ ಪೂಜೆಯನ್ನು ಹೊದಿಕೆಯೊಳಗೇ ಮಾಡತೊಡಗಿದರು. ಕೊನೆಗೊಂದು ದಿನ ಚಪ್ಪಲಿ ಬಿಟ್ಟು, ಸದ್ದಿಲ್ಲದೆ ಬಂದೆ. ನಾನು ಬಾಗಿಲ ಕಡೆ ತಿರುಗಿಸಿಟ್ಟಿದ್ದ ಕ್ಯಾಮೆರಾ ಮಂಚದ ಕಡೆ ನೋಡುತ್ತಿತ್ತು. ನಾನು ಹೊಸಿಲು ದಾಟುತ್ತಿದ್ದಂತೆ ಸಣ್ಣಗೆ ಗುಂಯ್‌ಗುಟ್ಟಿ ನನ್ನತ್ತ ತಿರುಗಿತು.

ತರೀಕೆರೆಗೆ ಫೋನು ಮಾಡಿದೆ. "ನೀವೇನಾದ್ರೂ ತಿರುಗ್ಸಿದ್ರಾ?"

"ಅವ್ವ ಮೈ ತೊಳ್ಕೊಳೋ ಹೊತ್ನಾಗೆ ನಾನ್ಯಾಕೆ ತಿರುಗ್ಸಲಿ? ತಲೆ ನೆಟ್ಟಗೈತಾ ನಿಂಗೆ?" ಎಂದರು.

ಮರುದಿನ ಕಡೂರಿನಿಂದ ಇಂಟರ್ನೆಟ್ ರಿಪೇರಿಯವರು ಬಂದರು. ರೂಟರಿನ ಮೇಲಿನ ವಿಭೂತಿ ನೋಡಿ ನಕ್ಕವರು, ಲ್ಯಾಪ್‌ಟಾಪಿನಲ್ಲಿ ಅದರ ಸೆಟ್ಟಿಂಗ್ ತೆರೆದ ಮೇಲೆ ನಗಲಿಲ್ಲ.

"ಹಾಕಿದ ದಿನದ ಪಾಸ್‌ವರ್ಡೇ ಐತಲ್ಲಮ್ಮ. ಇದನ್ನ ಮಾಡಿದೋರು ಅಪ್‌ಡೇಟ್ ಕೊಡೋದು ನಿಲ್ಸಿ ಎಷ್ಟೋ ವರ್ಷ ಆಯ್ತು. ಹೊರಗಿನೋರು ಯಾರೋ ಒಳಗೆ ಬಂದು ಕ್ಯಾಮೆರಾ ತನಕ ದಾರಿ ಮಾಡ್ಕೊಂಡವ್ರೆ."

"ಒಂದಿನಾನೂ ಕೆಟ್ಟಿಲ್ವಲ್ಲಪ್ಪಾ ಇದು."

"ಕೆಟ್ಟಿದ್ರೆ ಆವತ್ತೇ ಬಿಸಾಕ್ತಿದ್ರಿ."

"ಯಾರು ನೋಡಿದ್ದು? ಎಷ್ಟು ದಿನದಿಂದ?"

"ಅದು ಗೊತ್ತಾಗಲ್ಲ ಕಣಮ್ಮ. ಯಾವೂರೋ, ಯಾವ ದೇಶವೋ."

ಕ್ಯಾಲೆಂಡರಿನ ಹಾಳೆಗಳನ್ನು ಹಿಂದಕ್ಕೆ ತಿರುವಿದೆ. ಮೊದಲ ಚುಕ್ಕೆ ಶಿವರಾತ್ರಿಯ ಮಾರನೆಯ ದಿನದ್ದು. ಆಗಲೇ ಶ್ರಾವಣ ಬಂದಿತ್ತು.

ಹೊಸ ರೂಟರು ಬಂತು. ಕ್ಯಾಮೆರಾ ಕಿತ್ತೆವು. ಗೋಡೆಯಲ್ಲಿ ಎರಡು ಮೊಳೆತೂತು ಉಳಿದವು.

"ಹೋಯ್ತೇನೇ ಅದು?" ಎಂದರು ಅತ್ತೆ.

"ಹೋಯ್ತು ಅತ್ತೆ."

"ಅದ್ರಾಗೆ ನನ್ನ ನೋಡಿದ್ರಲ್ಲ, ಅವರು ಎಲ್ಲವ್ರೆ?"

ಮೈ ಒರೆಸಲು ತಂದಿದ್ದ ನೀರು ಆರುತ್ತಿತ್ತು. ಅತ್ತೆ ಹೊದಿಕೆ ಬಿಡಲಿಲ್ಲ. ಪೆಟ್ಟಿಗೆಯಿಂದ ಹಳೇ ಸೀರೆಯೊಂದನ್ನು ತೆಗೆದು, ಆ ಖಾಲಿ ಗೋಡೆಗೂ ಮಂಚಕ್ಕೂ ನಡುವೆ ಹಗ್ಗ ಕಟ್ಟಿ ಇಳಿಬಿಟ್ಟೆ. ಆಮೇಲೆ ಹೊದಿಕೆ ಹಿಡಿದಿದ್ದ ಅವರ ಬೆರಳುಗಳು ಒಂದೊಂದಾಗಿ ಸಡಿಲವಾದವು. ಇವತ್ತಿಗೂ ದಿನಾ ಬೆಳಗ್ಗೆ ಆ ಸೀರೆ ಕಟ್ಟುತ್ತೇನೆ.